ಜುಟ್ಟು ಮುರಿದ ಸಕ್ಕರೆ ನವಿಲು

ಮೊನ್ನೆ ಗೌರಿ ಹುಣ್ಣಿಮೆಯ ಮುಂಚಿನ ದಿನ ಸೊಸೆ ಹೊಸಪೇಟೆಯ ಬಜಾರಿನಿಂದ ಸಕ್ಕರೆ ಆರತಿಯ ಪೊಟ್ಟಣ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿದಳು. ಆನೆ, ಗಿಳಿ, ಬಸವಣ್ಣ, ತುಳಸಿಕಟ್ಟೆ ಎಲ್ಲ ನೆಟ್ಟಗಿದ್ದವು. ನವಿಲಿಗೆ ಮಾತ್ರ ಜುಟ್ಟಿರಲಿಲ್ಲ. ಮುರಿದ ಜಾಗ ಇನ್ನೂ ಒದ್ದೆಯಾಗಿತ್ತು. ಸೊಸೆಯ ಸೀರೆ ಹಿಡಿದು ನಿಂತಿದ್ದ ನನ್ನ ಸಣ್ಣ ಮೊಮ್ಮಗಳ ಒಂದು ಕೆನ್ನೆ ಉಬ್ಬಿಕೊಂಡಿತ್ತು, ಗಲ್ಲದ ಮೇಲೆ ಗುಲಾಬಿ ಬಣ್ಣದ ಜೊಲ್ಲು.

“ಅಯ್ಯ ನೋಡ್ರಿ ಅತ್ತಿ, ಗೌರಿಗೆ ಬೆಳಗೂಕಿಂತ ಮದಲ ಬಾಯಿಗೆ ಹಾಕ್ಯಾಳ!” ಎಂದು ಸೊಸೆ ಕೈ ಎತ್ತಿದಳು.

“ಹೊಡದೀ ಅಂದ್ರ ನೋಡು ಮತ್ತ,” ಎಂದೆ ನಾನು. ಅಷ್ಟು ಜೋರಾಗಿ ಹೇಳುವ ಮಾತೇನೂ ಆಗಿರಲಿಲ್ಲ. ಸೊಸೆ ಎತ್ತಿದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಪಾಪ, ಅವಳಿಗೇನು ಗೊತ್ತು. ನಾನು ಆ ಜುಟ್ಟಿಲ್ಲದ ನವಿಲನ್ನು ಎತ್ತಿಕೊಂಡು ಹಿತ್ತಲ ಮೆಟ್ಟಿಲಿಗೆ ಹೋಗಿ ಕೂತೆ. ಈಗಿನ ಆರತಿಗಳಿಗೆ ಬಣ್ಣವೊಂದೇ ಸಂಭ್ರಮ, ಮೂಗಿಗೆ ಹಿಡಿದರೆ ಯಾವ ವಾಸನೆಯೂ ಇಲ್ಲ. ಆದರೂ ಎಲ್ಲಿಂದಲೋ ನೀರಲ್ಲಿ ನೆನೆದ ಸಾಗುವಾನಿಯ ವಾಸನೆ, ಹಾಲು ಬಿದ್ದು ಉಕ್ಕುವ ಪಾಕದ ವಾಸನೆ ಬಂದುಬಿಟ್ಟಿತು... ಕಂಪ್ಲಿಯ ಚಿಗವ್ವ ನೆನಪಾದಳು.

ಅವಳು ನನ್ನ ಸ್ವಂತ ಚಿಕ್ಕಮ್ಮನಲ್ಲ. ಕಂಪ್ಲಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಮೋಟು ಗೋಡೆ ಇತ್ತು, ಅಷ್ಟೇ ಸಂಬಂಧ. ಆದರೆ ಆ ಓಣಿಯ ಮಕ್ಕಳಿಗೆಲ್ಲ ಅವಳು ಚಿಗವ್ವ. ಆಗ ನಮ್ಮ ಸೀಮೆ ಮದ್ರಾಸ್ ಸರಕಾರಕ್ಕೆ ಸೇರಿತ್ತು. ತುಂಗಭದ್ರೆಗೆ ಆಣೆಕಟ್ಟು ಬಂದಿರಲಿಲ್ಲ, ಹಳೆಯ ಕಾಲುವೆಗಳ ನೀರಲ್ಲೇ ಕಬ್ಬು, ಭತ್ತ ಬೆಳೆಯುತ್ತಿದ್ದರು. ಅವಳ ಗಂಡನದು ಬೆಲ್ಲದ ವ್ಯಾಪಾರ. ಮೆತ್ತಗಿನ ಮನುಷ್ಯ, ಹೆಂಡತಿ ಹೇಳಿದ್ದಕ್ಕೆ ಹೂಂ ಎನ್ನುವುದು ಬಿಟ್ಟರೆ ಅವರ ದನಿ ಕೇಳಿದ ನೆನಪು ನನಗಿಲ್ಲ. ಚಿಗವ್ವನ ದನಿಯೋ, ಹೊಳೆಯ ದಂಡೆಗೂ ಕೇಳುತ್ತಿತ್ತು. ನಕ್ಕರೂ ಜೋರು, ಬೈದರೂ ಜೋರು. ಅವರಿಗೆ ಒಬ್ಬಳೇ ಮಗಳು, ನನ್ನ ವಾರಿಗೆಯವಳು. ಅವಳಿಗೆ ಒಳ್ಳೆಯ ಹೆಸರೇ ಇತ್ತು, ಆದರೆ ಮನೆಯಲ್ಲೂ ಓಣಿಯಲ್ಲೂ ಎಲ್ಲರ ಬಾಯಲ್ಲಿ ಕೂಸು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಬರುವ ಹುಣ್ಣಿಮೆಯೇ ಗೌರಿ ಹುಣ್ಣಿಮೆ. ಹೆಣ್ಣುಮಕ್ಕಳ ಹಬ್ಬ. ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪ ಹಚ್ಚಿಟ್ಟು, ಜರಿಯಂಚಿನ ಲಂಗ ಉಟ್ಟು, ಹಾಡು ಹೇಳುತ್ತ ಗೌರಿ ಕೂರಿಸಿದ ಮನೆಗೆ ಹೋಗಿ ಬೆಳಗಿ ಬರುತ್ತೇವೆ. ಆ ಗೊಂಬೆಗಳಿಗೇ ಸಕ್ಕರೆ ಆರತಿ ಎನ್ನುವುದು. ಬೆಳಗಿ ಮನೆಗೆ ತಂದ ಮೇಲೆ ಕಟಕಟ ಕಡಿದು ತಿನ್ನಬಹುದು. ಬೆಳಗುವ ತನಕ ಮಾತ್ರ ನಾಲಿಗೆ ತಾಗಿಸುವಂತಿಲ್ಲ. ಬೆರಳಿಗೆ ಅಂಟಿದ ಪುಡಿಯನ್ನೂ ನೆಕ್ಕುವಂತಿಲ್ಲ, ಎದ್ದು ಹೋಗಿ ಕೈ ತೊಳೆದುಕೊಂಡು ಬರಬೇಕು. ಸಕ್ಕರೆಯ ಮುಂದೆ ಮಕ್ಕಳನ್ನು ಕೂರಿಸಿ ತಿನ್ನಬೇಡಿ ಎನ್ನುವುದು! ಯಾವ ಪುಣ್ಯಾತ್ಮರು ಮಾಡಿದ ನೇಮವೋ.

ಊರಲ್ಲಿ ಬಹಳ ಮನೆಯವರು ಆರತಿಯನ್ನು ಪೇಟೆಯಲ್ಲಿ ಕೊಳ್ಳುತ್ತಿದ್ದರು. ನಮ್ಮ ಓಣಿಯವರಿಗೆ ಆ ತಾಪತ್ರಯ ಇರಲಿಲ್ಲ, ಚಿಗವ್ವನ ಮನೆಯಲ್ಲಿ ಅಚ್ಚುಗಳಿದ್ದವು. ಅವಳ ತವರು ಮೆಟ್ರಿ. ಅಲ್ಲಿಂದ ಬರುವಾಗ ಅವಳ ತಾಯಿ ಕೊಟ್ಟು ಕಳಿಸಿದ ಸಾಗುವಾನಿ ಅಚ್ಚುಗಳು, ಸಂಡೂರಿನ ಕಡೆಯ ಬಡಿಗನೊಬ್ಬ ಕೆತ್ತಿದ್ದಂತೆ. “ನಮ್ಮವ್ವ ಬಂಗಾರ ಕೊಡಲಿಲ್ಲ, ಆನಿ ಕುದುರಿ ಕೊಟ್ಟು ಕಳಿಸಿದ್ಲು,” ಎಂದು ಪ್ರತಿವರ್ಷ ಹೇಳುವಳು, ಪ್ರತಿವರ್ಷ ನಾವು ನಗುವೆವು.

ಹುಣ್ಣಿಮೆ ಹತ್ತಿರ ಬಂತೆಂದರೆ ಮೋಟು ಗೋಡೆಯ ಆಚೆಯಿಂದ ಅವಳ ಕೂಗು ಬರುತ್ತಿತ್ತು. “ಅಚ್ಚು ನೆನಿ ಹಾಕೀನಿ, ಬರ್ರಿ ಲೇ!” ಅಷ್ಟು ಸಾಕು, ಓಣಿ ಖಾಲಿ. ಹಿತ್ತಾಳೆ ಕೊಪ್ಪರಿಗೆಯ ನೀರಲ್ಲಿ ಮುಳುಗಿಸಿಟ್ಟ ಅಚ್ಚುಗಳನ್ನು ತೆಗೆದು, ಎರಡೆರಡು ಹೋಳು ಜೋಡಿಸಿ, ದಾರದಿಂದ ಬಿಗಿಯಾಗಿ ಸುತ್ತಿ ಸಾಲಾಗಿ ನಿಲ್ಲಿಸುವುದು ನಮ್ಮ ಕೆಲಸ. ಒಣ ಅಚ್ಚಿಗೆ ಪಾಕ ಹಿಡಿದುಕೊಳ್ಳುತ್ತದೆ, ಗೊಂಬೆ ಬಿಡುವುದೇ ಇಲ್ಲ. ಚಿಗವ್ವ ಒಲೆಯ ಮುಂದೆ. ಕುದಿಯುವ ಸಕ್ಕರೆಗೆ ಒಂದು ಗುಟುಕು ಹಾಲು ಬಿಟ್ಟರೆ ಅದರ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು, ಅದನ್ನು ತೆಗೆದು ಚೆಲ್ಲುತ್ತಿದ್ದಳು. ಪಾಕ ಎಳೆ ಬಂದಮೇಲೆ ಸಣ್ಣ ಬೋಗುಣಿಗೆ ಬಗ್ಗಿಸಿಕೊಂಡು ಮರದ ಹುಟ್ಟಿನಿಂದ ತಿಕ್ಕಿ ತಿಕ್ಕಿ, ಅದು ಬೆಳ್ಳಗಾಗುವ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹೊಯ್ಯಬೇಕು. ತಡವಾದರೆ ಬೋಗುಣಿಯಲ್ಲೇ ಗಡ್ಡೆ ಕಟ್ಟುತ್ತದೆ.

ಆಮೇಲೆ ಕಾಯುವುದು. ಅದೇ ಕಷ್ಟ. ತಡೆಯಲಾರದೆ ಯಾರಾದರೂ ದಾರ ಬಿಚ್ಚಿಬಿಡುತ್ತಿದ್ದರು, ಗೊಂಬೆ ಅರ್ಧ ಈ ಹೋಳಿಗೆ, ಅರ್ಧ ಆ ಹೋಳಿಗೆ ಅಂಟಿಕೊಂಡು ಬರುತ್ತಿತ್ತು. “ಲೇ ಮಂಗ್ಯಾ, ಆನಿ ಸೊಂಡ್ಲು ಎಲ್ಲಿ ಹೋತು? ಈಗೇನು ನಿನ್ನ ಮೂಗು ಕಿತ್ತು ಹಚ್ಚಲೇನು?” ಎಂದು ಚಿಗವ್ವ ನಗುತ್ತ ಮುರಿದದ್ದನ್ನು ಮತ್ತೆ ಪಾಕಕ್ಕೆ ಹಾಕುವಳು. ಮುರಿದ ಚೂರಾದರೂ ನಮಗೆ ಸಿಗಬಾರದೇ? ಇಲ್ಲ. ಗೌರಿಗೆ ಮೊದಲು. ಎಲ್ಲರನ್ನೂ ನಗಿಸುವ ಹೆಂಗಸು, ಈ ವಿಷಯಕ್ಕೆ ಮಾತ್ರ ಕಲ್ಲು.

ಅಚ್ಚುಗಳಲ್ಲೆಲ್ಲ ಕಷ್ಟದ್ದು ನವಿಲಿನದು. ಅದರ ಜುಟ್ಟು ಹುಲ್ಲುಕಡ್ಡಿಯಷ್ಟು ಸಣ್ಣ. ಯಾರು ಬಿಚ್ಚಿದರೂ ಮುರಿಯುತ್ತಿತ್ತು, ಕೂಸಿನ ಕೈಯಲ್ಲಿ ಮಾತ್ರ ಮುರಿಯುತ್ತಿರಲಿಲ್ಲ. ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ಹಲ್ಲ ನಡುವೆ ಕಚ್ಚಿ, ಉಸಿರೇ ಬಿಡದೆ ಒಂದು ಹೋಳು ಎತ್ತುವಳು. ನವಿಲು ಜುಟ್ಟಿನ ಸಮೇತ ಎದ್ದು ಬರುತ್ತಿತ್ತು. ಹಾಗಾಗಿ ನವಿಲು ಯಾವಾಗಲೂ ಕೂಸಿನ ತಟ್ಟೆಗೇ. ನನಗೆ ಹೊಟ್ಟೆಕಿಚ್ಚಿತ್ತು, ಇರಲಿಲ್ಲ ಎಂದರೆ ಸುಳ್ಳಾದೀತು.

ಒಂದು ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕಾಲುವೆ ಬದಿಯಲ್ಲಿ, ಗದ್ದೆಯಲ್ಲಿ, ಓಣಿಯ ತಗ್ಗಿನಲ್ಲಿ ಎಲ್ಲೆಲ್ಲೂ ನಿಂತ ನೀರು. ದಸರೆ ಕಳೆಯುವ ಹೊತ್ತಿಗೆ ಮನೆಮನೆಯಲ್ಲೂ ಚಳಿಜ್ವರ. ನನಗೂ ಬಂದು ಹೋಯಿತು. ಕೂಸಿಗೆ ಬಂದದ್ದು ಹೋಗಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಕೌದಿಗಳನ್ನು ಹೊದಿಸಿದರೂ ಗಡಗಡ ನಡುಗುವಳು. ಆಮೇಲೆ ದಿನವೂ ಬರತೊಡಗಿತು. ದವಾಖಾನೆಯಿಂದ ಅವಳ ಅಪ್ಪ ಕ್ವಿನೈನ್ ಔಷಧಿ ತರುತ್ತಿದ್ದರು, ಸೀಸೆಗೆ ಅಳತೆಯ ಕಾಗದ ಅಂಟಿಸಿದ್ದು. ಆ ಕಹಿ ಕುಡಿದವರಿಗೇ ಗೊತ್ತು. ಕುಡಿದು ಎಷ್ಟೋ ಹೊತ್ತಿನ ಮೇಲೂ ಉಗುಳು ನುಂಗಿದರೆ ಕಹಿ, ಅನ್ನ ತಿಂದರೆ ಕಹಿ, ನೀರೂ ಕಹಿ.

ಈ ವರ್ಷ ಚಿಗವ್ವ ಆರತಿ ಹೊಯ್ಯುವುದಿಲ್ಲ ಎಂದುಕೊಂಡಿದ್ದೆವು. ಆದರೆ ಗೋಡೆಯ ಆಚೆಯಿಂದ ಕೂಗು ಬಂತು. ಹೋದಾಗ ಕೂಸನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಕೌದಿ ಸುತ್ತಿ ಕೂರಿಸಿದ್ದಳು. ಅವತ್ತು ಚಿಗವ್ವ ಹೆಚ್ಚು ಮಾತಾಡಲಿಲ್ಲ. ಎಲ್ಲಕ್ಕಿಂತ ಮೊದಲು ನವಿಲಿನ ಅಚ್ಚಿಗೆ ಪಾಕ ಹೊಯ್ದಳು. ಆರಿದ ಮೇಲೆ ಅಚ್ಚನ್ನು ಕೂಸಿನ ತೊಡೆಯ ಮೇಲಿಟ್ಟರೆ ಅದರ ಕೈಗೆ ದಾರ ಬಿಚ್ಚುವ ಶಕ್ತಿಯೂ ಇರಲಿಲ್ಲ. ಚಿಗವ್ವನೇ ಬಿಚ್ಚಿದಳು. ಹೋಳು ಎತ್ತುವಾಗ ಅವಳ ತುಟಿಗಳು ಅಲುಗುತ್ತಿದ್ದವು, ಏನೋ ಬೇಡಿಕೊಳ್ಳುತ್ತಿದ್ದಳು. ನವಿಲು ಜುಟ್ಟಿನ ಸಮೇತ ಎದ್ದು ಬಂತು. ಅವಳ ಮುಖ ನೋಡಬೇಕಿತ್ತು ಆಗ! ಮಗಳು ಎದ್ದು ಕೂತು ಉಂಡಷ್ಟು ಖುಷಿ. ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ನವಿಲನ್ನಿಟ್ಟು, ಹಾಸಿಗೆಯ ಎದುರಿನ ಗೋಡೆಯ ಗೂಡಿನಲ್ಲಿ ಕೂಸಿಗೆ ಕಾಣುವ ಹಾಗೆ ಇಟ್ಟಳು.

ಮರುದಿನ ನಾನು ಕೂಸಿನ ಹತ್ತಿರ ಕೂತಿದ್ದೆ. ಚಿಗವ್ವ ಅದರ ಮೂಗು ಹಿಡಿದು ಔಷಧಿ ಕುಡಿಸಿದಳು. ಅರ್ಧ ಒಳಗೆ ಹೋಯಿತು, ಅರ್ಧ ಕುತ್ತಿಗೆಯ ಮೇಲೆ ಇಳಿಯಿತು. ಕೂಸು ಎದುರಿನ ಗೂಡನ್ನು ನೋಡಿತು.

“ಯವ್ವಾ, ಬಾಯಿ ಕಹಿ ಆಗೇತಿ... ನವಿಲಿನ ಜುಟ್ಟು ಒಂದು ಚೂರು ಕೊಡಬೇ.”

ಚಿಗವ್ವ ಓಡಿ ಹೋಗಿ ಬೆಲ್ಲ ತಂದಳು. ಕೂಸು ಮುಖ ತಿರುವಿತು. ಡಬ್ಬಿಯ ಸಕ್ಕರೆಯನ್ನೇ ಬೊಗಸೆ ತುಂಬ ತಂದಳು, ಅದನ್ನೂ ಒಲ್ಲೆ ಎಂದಿತು. ಅದಕ್ಕೆ ನವಿಲಿನ ಜುಟ್ಟೇ ಬೇಕು.

“ಬ್ಯಾಡ ನನ್ನ ಬಂಗಾರ, ಅದನ್ನ ನಿನ್ನ ಹೆಸರಿಲೆ ಗೌರಮ್ಮಗ ಬೇಡಿಕೊಂಡೀನಿ. ಮುರದ್ರ ಹರಕಿ ಕೆಡತೈತಿ. ನಾಡದ ಹುಣ್ಣಿಮಿ. ಬೆಳಗಿದ ಕೂಡ್ಲೇ ಇಡೀ ನವಿಲು ನಿನಗ ಕೊಡ್ತೀನಿ,” ಎಂದಳು ಚಿಗವ್ವ.

“ಆವಾಗ ಕೊಡ್ತಿ?”

“ಕೊಡ್ತೀನವ್ವ.”

ಕೂಸು ತಲೆಯಾಡಿಸಿ ಸುಮ್ಮನಾಯಿತು. ಅತ್ತು ರಂಪ ಮಾಡಿದ್ದರೆ ಒಳ್ಳೆಯದಿತ್ತು. ಹಟ ಮಾಡಿದ್ದರೆ ಚಿಗವ್ವ ಒಂದು ಚೂರು ಕೊಟ್ಟೇಬಿಡುತ್ತಿದ್ದಳೋ ಏನೋ. ತಾಯಿ ಹೇಳಿದ ಮಾತು ಕೇಳಿತು ಅದು, ಗೂಡಿನ ಕಡೆ ನೋಡುತ್ತ ಮಲಗಿತು. ಹುಣ್ಣಿಮೆಯ ಹಿಂದಿನ ದಿನ ಬೆಳಗ್ಗೆ ಚಿಗವ್ವನ ಕೂಗು ಗೋಡೆ ದಾಟಿ ಬಂತು. ಆರತಿಗೆ ಕರೆಯುವ ಕೂಗಲ್ಲ. ನಮ್ಮಮ್ಮ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿದಳು.

ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂಸಿಗೆ ವಿಭೂತಿ ಹಚ್ಚಿ, ಹೂ ಮುಡಿಸಿ, ಪಡಸಾಲೆಯ ಅದೇ ಗೋಡೆಗೆ ಒರಗಿಸಿ ಕೂರಿಸಿದ್ದರು. ಪಾಕ ನೋಡುತ್ತ ಕೂತಿತ್ತಲ್ಲ, ಹಾಗೇ ಇತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ, ಯಾರೂ ನನ್ನನ್ನು ಕಳಿಸಲಿಲ್ಲ. ಎತ್ತುವ ಹೊತ್ತಾಯಿತು ಎಂದು ಗಂಡಸರು ಒಳಗೆ ಬಂದಾಗ, ಅಲ್ಲಿಯವರೆಗೆ ಮಣ್ಣಿನ ಮುದ್ದೆಯ ಹಾಗೆ ಕೂತಿದ್ದ ಚಿಗವ್ವ ಎದ್ದು ಗೂಡಿನಿಂದ ನವಿಲನ್ನು ತೆಗೆದಳು.

ನಮ್ಮ ಅಜ್ಜಿ ಬಹಳ ನೇಮದ ಹೆಂಗಸು, ಓಣಿಗೆಲ್ಲ ಹಿರಿಯಳು. ಅವಳು ಮೆಲ್ಲಗೆ, “ಬ್ಯಾಡ ತಂಗಿ, ಅದು ಹರಕೀದು. ಗೌರಿಗೆ ಮುಟ್ಟಬೇಕು,” ಎಂದಳು.

“ಗೌರಿಗೆ ಮುಟ್ಟಬೇಕಾದ್ದು ಮುಟ್ಟೇತಿ, ಬಿಡ್ರಿ ಅತ್ತಿ,” ಎಂದಳು ಚಿಗವ್ವ.

ಚಟ್ಟೆಂದು ಜುಟ್ಟು ಮುರಿದಳು. ಮಗಳ ಮುಂದೆ ಮಂಡಿಯೂರಿ ಕೂತು, ತುಟಿ ಬಿಡಿಸಿ, ಆ ಚೂರನ್ನು ಒಳಗೆ ಇಟ್ಟಳು. “ತಿನ್ನವ್ವ. ಈಗ ತಿನ್ನು...” ಅದು ಜಾರಿ ಹೊರಗೆ ಬಂತು. ಮತ್ತೆ ಇಟ್ಟಳು. ಮತ್ತೆ ಜಾರಿತು. ಕೊನೆಗೆ ಬೆರಳಿನಿಂದ ತುಟಿಯನ್ನು ಒತ್ತಿ ಹಿಡಿದುಕೊಂಡೇ ಕೂತಳು. ಗಂಡಸರೂ ಗೋಡೆಗೆ ಮುಖ ಮಾಡಿ ಅತ್ತರು. ಅವಳ ಗಂಡ ಬಂದು ಕೈ ಹಿಡಿದು ಎಬ್ಬಿಸುವ ತನಕ ಅವಳು ಬೆರಳು ತೆಗೆಯಲಿಲ್ಲ.

ಆ ವರ್ಷ ನಮ್ಮ ಓಣಿಯ ಯಾವ ಹುಡುಗಿಯೂ ಗೌರಿಗೆ ಬೆಳಗಲಿಲ್ಲ.

ಮುಂದಿನ ವರ್ಷ ಹುಣ್ಣಿಮೆ ಬರುವ ಹೊತ್ತಿಗೆ ನಮ್ಮಮ್ಮ ನನ್ನನ್ನು ಮೊದಲೇ ಕೂರಿಸಿಕೊಂಡು ಹೇಳಿದ್ದಳು, ಆ ಮನೆಯ ಮುಂದೆ ಆರತಿಯ ಮಾತು ಎತ್ತಬೇಡ ಎಂದು. ಆದರೆ ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ದನಿ ಬಂತು, ಹಳೆಯ ಜೋರಿಲ್ಲ. “ಅಚ್ಚು ನೆನಿ ಹಾಕೀನಿ... ಯಾಕ ಯಾರೂ ಬರ್ಲಿಲ್ಲ?” ಅಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹೋಗಲಿ ಎಂಬಂತೆ ಕೈಯಾಡಿಸಿದಳು.

ನಾವೆಲ್ಲ ತಲೆ ತಗ್ಗಿಸಿ ಕೂತು ದಾರ ಸುತ್ತಿದೆವು. ಚಿಗವ್ವ ಮೊದಲು ನವಿಲನ್ನೇ ಹೊಯ್ದಳು, ತಾನೇ ಬಿಚ್ಚಿದಳು. ಜುಟ್ಟು ಸಮೇತ ಬಂದ ನವಿಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಜುಟ್ಟು ಮುರಿದು, ಕೊಕ್ಕು ಮುರಿದು, ಬಾಲ ಮುರಿದು, ಒಬ್ಬೊಬ್ಬರ ಬಾಯಿಯ ಮುಂದೆ ಹಿಡಿಯತೊಡಗಿದಳು. “ತಿನ್ರಿ. ಬಾಯಿ ತೆಗೀರಿ, ತಿನ್ರಿ.” ನಮಗೆ ಜೀವವೇ ಹೋಯಿತು. ಅದೇ ಚಿಗವ್ವ, ಬೆರಳು ನೆಕ್ಕಿದರೆ ಕೈ ತೊಳೆಸಿದವಳು! ಗೌರಿಗೆ ಬೆಳಗುವ ಮೊದಲೇ ತಿಂದರೆ ಏನಾದೀತೋ ಎಂದು ಯಾರೂ ಬಾಯಿ ತೆರೆಯಲಿಲ್ಲ. ಒಬ್ಬ ಹುಡುಗಿ ಹೆದರಿ ಅಳುತ್ತ ಮನೆಗೆ ಓಡಿದಳು. ಚಿಗವ್ವ ಚೂರುಗಳನ್ನು ಹಿಡಿದುಕೊಂಡು ಹಾಗೇ ನಿಂತಿದ್ದಳು, ಬೆರಳ ಬಿಸಿಗೆ ಸಕ್ಕರೆ ಅಂಟತೊಡಗಿತ್ತು.

ಅಳುವ ಹುಡುಗಿಯ ಸುದ್ದಿ ಕೇಳಿ ಓಣಿಯ ಹೆಂಗಸರು ಬಂದರು. ಬೆಳಗೂ ಮದಲ ತಿನ್ನಾಕ ಕೊಟ್ಟ ಮನೆಯ ಆರತಿ ಗೌರಿಗೆ ಹ್ಯಾಂಗ ಬೆಳಗೋದು ಎಂದು ಒಬ್ಬಳು, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಇನ್ನೊಬ್ಬಳು. ಎಲ್ಲರ ಹಿಂದೆ ಕೋಲೂರಿಕೊಂಡು ನಮ್ಮ ಅಜ್ಜಿ. ಇವತ್ತು ಚಿಗವ್ವನ ಕಥೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಅಜ್ಜಿ ಹೋಗಿ ಚಿಗವ್ವನ ಮುಂದೆ ನಿಂತಳು. “ಏನವ್ವ ಇದು?” ಎಂದಳು.

“ಕೂಸು ಕೇಳಿತ್ರಿ ಅತ್ತಿ,” ಎಂದಳು ಚಿಗವ್ವ. “ಒಂದು ಚೂರು ಕೇಳಿತು. ನಾ ಕೊಡಲಿಲ್ಲ.”

ವರ್ಷ ಪೂರ್ತಿ ಅವಳು ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲವಂತೆ. ನಮ್ಮ ಅಜ್ಜಿ, ಪೂಜೆ ಆಗದೆ ನೀರೂ ಮುಟ್ಟದ ನಮ್ಮ ಅಜ್ಜಿ, ಹಲ್ಲಿಲ್ಲದ ಬಾಯಿ ತೆರೆದಳು. “ಕೊಡವ್ವ. ನನಗ ಮದಲ ಕೊಡು.” ಚಿಗವ್ವ ಜುಟ್ಟಿನ ಚೂರನ್ನು ಅಜ್ಜಿಯ ಬಾಯಲ್ಲಿಟ್ಟಳು. ಅಜ್ಜಿ ಕಣ್ಣೀರು ಸುರಿಸುತ್ತ ಅದನ್ನು ಚೀಪಿದಳು. ಆಮೇಲೆ ನಾವೆಲ್ಲ ತಿಂದೆವು. ಆವತ್ತಿನ ಸಕ್ಕರೆಯ ರುಚಿ ನನ್ನ ನಾಲಿಗೆಗೆ ನೆನಪಿಲ್ಲ, ಬಾಯಲ್ಲಿ ಇಡುವಾಗ ತುಟಿಗೆ ತಾಗಿದ ಅವಳ ಬೆರಳು ಮಾತ್ರ ನೆನಪಿದೆ.

ಕೆಲವು ಮನೆಯವರು ಅಂದಿನಿಂದ ಪೇಟೆಯ ಆರತಿಯನ್ನೇ ತಂದರು, ಅವರನ್ನು ಏನೂ ಅನ್ನಲಾರೆ. ಚಿಗವ್ವ ಮಾತ್ರ ಪ್ರತಿವರ್ಷ ಹೊಯ್ದಳು, ಮೊದಲ ನವಿಲನ್ನು ಮಕ್ಕಳಿಗೆ ಹಂಚಿದಳು. ಯುದ್ಧ ಬಂದು ಸಕ್ಕರೆಗೆ ಕಂಟ್ರೋಲ್ ಆದಾಗ ಬೇರೆ ಗೊಂಬೆಗಳು ನಿಂತವು. ಆಗಲೂ ಗಂಡನಿಗೆ ಬೆಲ್ಲದ ಚಹಾ ಕುಡಿಸಿ, ಸಿಕ್ಕ ಸಕ್ಕರೆಯನ್ನು ಕೂಡಿಟ್ಟು, ಹುಣ್ಣಿಮೆಗೆ ಒಂದು ನವಿಲು ಹೊಯ್ಯುತ್ತಿದ್ದಳು. ಅದನ್ನು ಗೌರಿಗೆ ಕೊಡುತ್ತಿರಲಿಲ್ಲ. ತಾನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ನಗು ಮತ್ತೆ ಬರಲಿಲ್ಲ, ಬೈಗುಳವೂ ಬರಲಿಲ್ಲ. ದಾರ ಬೇಗ ಬಿಚ್ಚಿ ಆನೆಯ ಸೊಂಡಿಲು ಮುರಿದರೂ ಸುಮ್ಮನೆ ನಮ್ಮ ತಲೆ ಸವರುತ್ತಿದ್ದಳು, ಅದನ್ನು ಸಹಿಸುವುದೇ ಕಷ್ಟವಾಗುತ್ತಿತ್ತು.

ನಾನು ಮದುವೆಯಾಗಿ ಹೊಸಪೇಟೆಗೆ ಬಂದೆ. ಮಕ್ಕಳು, ಸಂಸಾರ... ಕಂಪ್ಲಿಗೆ ಹೋಗುವುದು ಕಡಿಮೆಯಾಯಿತು. ಕೊನೆಯ ಸಲ ನೋಡಿದಾಗ ಅವಳ ಗಂಡ ತೀರಿಕೊಂಡಿದ್ದರು, ಅವಳು ದೂರದ ಸಂಬಂಧಿಕರೊಬ್ಬರ ಮನೆಯ ಪಡಸಾಲೆಯಲ್ಲಿದ್ದಳು. ಕಣ್ಣು ಹೋಗಿತ್ತು, ನೆನಪೂ ಹೋಗಿತ್ತು. ನಾನು ಯಾರೆಂದು ಹೇಳಿದರೂ ತಿಳಿಯಲಿಲ್ಲ. ನನ್ನ ಮುಖವನ್ನು ತಡವಿ, ತುಟಿ ಸಿಕ್ಕ ಕೂಡಲೇ ಬೆರಳು ಅಲ್ಲೇ ನಿಲ್ಲಿಸಿದಳು.

“ಬಾಯಿ ಕಹಿ ಆಗೇತೇನವ್ವ?” ಎಂದು ಕೇಳಿದಳು.

ತಲೆದಿಂಬಿನ ಕೆಳಗಿನಿಂದ ಬಟ್ಟೆಯ ಗಂಟು ತೆಗೆದು, ಅದರಿಂದ ಒಂದು ಸಕ್ಕರೆ ಚೂರು ಹುಡುಕಿ ನನ್ನ ಬಾಯಿಗಿಟ್ಟಳು. ಬಂದವರಿಗೆಲ್ಲ ಹಿಂಗ ಮಾಡ್ತಾಳ ಎಂದು ಆ ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಹೊಸಪೇಟೆ ಮುಟ್ಟುವ ತನಕ ಅತ್ತುಕೊಂಡೇ ಬಂದೆ. ಆ ಬೇಸಿಗೆಯಲ್ಲೇ ಅವಳು ಹೋದಳು, ನನಗೆ ಸುದ್ದಿ ತಲುಪುವ ಹೊತ್ತಿಗೆ ಮಣ್ಣಾಗಿತ್ತು. ಅಚ್ಚುಗಳನ್ನು ಕೇಳಿ ನೋಡಿದೆ. ಹುಳ ಬಿದ್ದಿದ್ದವಂತೆ, ಬಚ್ಚಲ ಒಲೆಗೆ ಹಾಕಿದರಂತೆ.

ಮೊನ್ನೆ ಹಿತ್ತಲ ಮೆಟ್ಟಿಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಅಂಗೈಯಲ್ಲಿ ನವಿಲಿನ ಬಣ್ಣ ಇಳಿದಿತ್ತು. ಮೊಮ್ಮಗಳು ಬಂದು ದೂರದಲ್ಲೇ ನಿಂತಳು. ನಾನು ಅಳುವುದನ್ನು ಅವಳು ಈ ಮೊದಲು ಎಂದೂ ನೋಡಿರಲಿಲ್ಲ.

“ಅಜ್ಜಿ, ನಾ ತಿಂದಿದ್ದಕ್ಕ ಅಳಾಕತ್ತೀಯಾ?”

“ಇಲ್ಲವ್ವ. ಬಾ ಇಲ್ಲಿ,” ಎಂದೆ.

ಬಂದು ಪಕ್ಕದಲ್ಲಿ ಕೂತಳು. ಕಣ್ಣು ಮಾತ್ರ ನನ್ನ ಕೈಯಲ್ಲಿದ್ದ ನವಿಲಿನ ಮೇಲೆಯೇ. ಒಳಗಿನಿಂದ ಸೊಸೆ, ಇನ್ನೊಂದು ನವಿಲು ತರ್ತೀನಿ, ಅದನ್ನಾದರೂ ಗೌರಿಗೆ ಉಳಿಸ್ರಿ ಎಂದು ಕೂಗಿ ಹೇಳಿದಳು. ಆಗಲಿ ಎಂದೆ.

“ಇದನ್ನ ತಿನ್ಲೇನಜ್ಜಿ?”

“ತಿನ್ನವ್ವ,” ಎಂದೆ. “ಈಗ್ಲೇ ತಿನ್ನು.”

ನವಿಲಿನ ಕುತ್ತಿಗೆಯನ್ನು ಕಟುಮ್ಮೆಂದು ಕಡಿದಳು. ಎರಡೂ ಕೆನ್ನೆ ತುಂಬ ಸಕ್ಕರೆ ಇಟ್ಟುಕೊಂಡು, ನನ್ನ ಮೈಗೆ ಒರಗಿ, ಕಟಕಟ ಎಂದು ತಿಂದಳು. ಆ ಸದ್ದನ್ನು ಕೇಳಬೇಕಾಗಿದ್ದವಳು ಚಿಗವ್ವ. ಅವಳಿಲ್ಲ.